ವೈರಾಣು ವಿಜ್ಞಾನದ ಮೊದಲ ಪುಸ್ತಕ ಒಳ್ಳೆಯದೋ ಅಲ್ಲವೋ, ತಿಳಿಯುವುದು ಹೇಗೆ?

ಪಾಠದ ಮೇಜು

ಬರುವ ಅವಧಿಯಿಂದ ಪದವಿ ವಿದ್ಯಾರ್ಥಿಗಳಿಗೆ ವೈರಾಣು ವಿಜ್ಞಾನದ ಪರಿಚಯ ಪಾಠ ನನ್ನ ಪಾಲಿಗೆ ಬಂದಿದೆ. ನನ್ನ ಕೆಲಸವೆಲ್ಲ ಬ್ಯಾಕ್ಟೀರಿಯಾಗಳ ಮೇಲೆ. ವೈರಸ್‌ಗಳ ಬಗ್ಗೆ ಓದಿದ್ದು ಯಾವ ಕಾಲದಲ್ಲೋ, ಅದೂ ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಈಗ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಹೆಸರು ಹೇಳುವುದಿಲ್ಲ, ಹೇಳಿದರೆ ಚರ್ಚೆ ಲೇಖಕರ ಪರ ಮತ್ತು ವಿರೋಧಕ್ಕೆ ತಿರುಗುತ್ತದೆ.

ಒಂದು ದಪ್ಪ ಪುಸ್ತಕ. ಮೊದಲ ನಾಲ್ಕು ಅಧ್ಯಾಯಗಳಾದ ಮೇಲೆ ಅಧ್ಯಾಯಕ್ಕೊಂದು ಕುಟುಂಬ: ಹರ್ಪಿಸ್ ಕುಟುಂಬ, ಪಾಕ್ಸ್ ಕುಟುಂಬ, ಹೀಗೆ ಕೊನೆಯವರೆಗೆ. ಎಲ್ಲದಕ್ಕೂ ಒಂದೇ ಅಚ್ಚು: ಆಕಾರ, ಗಾತ್ರ, ಜೀನೋಮ್ (ವೈರಸ್‌ನ ಇಡೀ ಆನುವಂಶಿಕ ಬರಹ), ರೋಗ, ಲಸಿಕೆ. ಇನ್ನೊಂದು ತೆಳ್ಳಗಿದೆ. ಅದು ಕುಟುಂಬಗಳ ಹಿಂದೆ ಹೋಗದೆ ವೈರಸ್ ಕೋಶದೊಳಗೆ ಹೇಗೆ ಹೋಗುತ್ತದೆ, ಒಳಗೆ ಏನು ಮಾಡುತ್ತದೆ, ಹೇಗೆ ಹೊರಬರುತ್ತದೆ ಎಂದು ಸಾಗುತ್ತದೆ. ಚಿತ್ರಗಳು ಚೆನ್ನಾಗಿವೆ. ಎರಡರ ಮುನ್ನುಡಿಯೂ ‘ಸರಳ, ಸಮಗ್ರ’ ಎನ್ನುತ್ತದೆ.

ಪುಸ್ತಕ ಪೂರ್ತಿ ಓದಿ ತೀರ್ಮಾನಿಸುವಷ್ಟು ಸಮಯ ನನಗಿಲ್ಲ. ವಿಷಯ ಬಲ್ಲವರು ಒಂದು ಸಂಜೆಯಲ್ಲಿ ಹೇಗೆ ಅಳೆಯುತ್ತೀರಿ?

ಹಳೆಯ ಸೀಮೆಸುಣ್ಣ

ಮೂವತ್ತು ವರ್ಷ ಇದನ್ನೇ ಪಾಠ ಮಾಡಿದವನು ನಾನು. ಒಂದು ಸಂಜೆ ಬೇಡ, ಹತ್ತು ನಿಮಿಷ ಸಾಕು. ಪುಸ್ತಕವನ್ನು ಮೊದಲಿನಿಂದ ತೆರೆಯಬೇಡಿ. ಜೀನೋಮ್‌ಗಳ ಬಗ್ಗೆ ಇರುವ ಅಧ್ಯಾಯ ಹುಡುಕಿ, ಈ ಪ್ರಶ್ನೆಗೆ ಅಲ್ಲಿ ಉತ್ತರವಿದೆಯೇ ನೋಡಿ.

ಪೋಲಿಯೊ ವೈರಸ್‌ನಿಂದ ಆರ್‌ಎನ್‌ಎಯನ್ನು ಮಾತ್ರ ಶುದ್ಧವಾಗಿ ಬೇರ್ಪಡಿಸಿ ಕೋಶದೊಳಗೆ ಹಾಕಿದರೆ ಹೊಸ ವೈರಸ್‌ಗಳು ಹುಟ್ಟುತ್ತವೆ. ಇನ್‌ಫ್ಲುಯೆಂಜಾದ ಆರ್‌ಎನ್‌ಎಯನ್ನು ಅದೇ ರೀತಿ ಹಾಕಿದರೆ ಏನೂ ಆಗುವುದಿಲ್ಲ. ಏಕೆ?

ಪೋಲಿಯೊದ್ದು ಧನ ಎಳೆ. ಕೋಶದ ರೈಬೋಸೋಮ್ (ಪ್ರೋಟೀನ್ ಕಟ್ಟುವ ಯಂತ್ರ) ಅದನ್ನು ತನ್ನದೇ ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಬರುವ ಸಂದೇಶ) ಎಂಬಂತೆ ಓದಿ ಪ್ರೋಟೀನ್ ತಯಾರಿಸಿಕೊಡುತ್ತದೆ. ಆ ಪ್ರೋಟೀನ್‌ಗಳಲ್ಲೇ ಜೀನೋಮನ್ನು ಪ್ರತಿ ಮಾಡುವ ಕಿಣ್ವ, ಪಾಲಿಮರೇಸ್ ಕೂಡ ಇರುತ್ತದೆ. ಇನ್‌ಫ್ಲುಯೆಂಜಾದ್ದು ಋಣ ಎಳೆ. ರೈಬೋಸೋಮ್‌ಗೆ ಅದು ಕನ್ನಡಿಯಲ್ಲಿ ಕಂಡ ಅಕ್ಷರ. ಓದಬೇಕಾದರೆ ಮೊದಲು ಅದರ ಪ್ರತಿರೂಪ ಆಗಬೇಕು. ಆರ್‌ಎನ್‌ಎಯಿಂದ ಆರ್‌ಎನ್‌ಎ ಪ್ರತಿ ಮಾಡುವ, ಈ ಕೆಲಸಕ್ಕೆ ಒದಗುವ ಕಿಣ್ವ ಕೋಶದ ಬಳಿ ಇಲ್ಲ. ಹಾಗಾಗಿ ವೈರಸ್ ತನ್ನ ಪಾಲಿಮರೇಸನ್ನು ಕಣದೊಳಗೆ ಕಟ್ಟಿಕೊಂಡೇ ಬರುತ್ತದೆ. ನೀವು ಆರ್‌ಎನ್‌ಎಯನ್ನು ಶುದ್ಧಮಾಡುವಾಗ ತೊಳೆದುಹೋಗುವುದು ಅದೇ.

ಇಷ್ಟು ಅರ್ಥವಾದ ವಿದ್ಯಾರ್ಥಿಗೆ ರೇಬೀಸ್, ದಡಾರ, ಎಬೋಲಾಗಳ ಕಣದಲ್ಲಿ ಪಾಲಿಮರೇಸ್ ಇದೆಯೇ ಎಂದು ಕೇಳಿದರೆ ಅವನು ಪುಟ ತಿರುವಿಹಾಕಬೇಕಿಲ್ಲ. ಅರ್ಥವಾಗದವನು ಪ್ರತಿಯೊಂದನ್ನೂ ಬಾಯಿಪಾಠ ಮಾಡಬೇಕು. ಡೇವಿಡ್ ಬಾಲ್ಟಿಮೋರ್ 1971ರಲ್ಲಿ ವೈರಸ್‌ಗಳನ್ನು ಎಂಆರ್‌ಎನ್‌ಎಗೆ ಹೋಗುವ ದಾರಿಯ ಮೇಲೆ ವಿಂಗಡಿಸಿದ್ದೂ ಇದೇ ಕಾರಣಕ್ಕೆ. ಎಷ್ಟೋ ಪುಸ್ತಕಗಳು ಆ ವರ್ಗೀಕರಣವನ್ನು ಒಂದು ಕೋಷ್ಟಕವಾಗಿ ಅಚ್ಚುಹಾಕಿ ಮುಂದೆ ಹೋಗುತ್ತವೆ. ಕೋಷ್ಟಕ ಇದೆ, ತರ್ಕ ಇಲ್ಲ. ಅಂಥ ಪುಸ್ತಕವನ್ನು ಕೆಳಗಿಡಿ.

ಮೂರನೇ ಬೆಂಚು

ವಿದ್ಯಾರ್ಥಿಯಾಗಿ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ ಸರ್. ನಮ್ಮ ಪರೀಕ್ಷೆಯಲ್ಲಿ ‘ಕೆಳಗಿನ ಯಾವ ವೈರಸ್‌ಗೆ ಮೇದಸ್ಸಿನ ಹೊದಿಕೆ ಇಲ್ಲ’ ಎಂದು ಕೇಳುತ್ತಾರೆ. ಅದಕ್ಕೆ ಕುಟುಂಬಗಳ ಅಧ್ಯಾಯ ಬೇಕೇ ಬೇಕು. ತರ್ಕದ ಪುಸ್ತಕ ಓದಿದವರು ಅಂಕ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಹಳೆಯ ಸೀಮೆಸುಣ್ಣ

ಕೋಪವೇಕೆ? ನೀವು ಹೇಳಿದ್ದು ನಿಜ, ಆದರೆ ಅದು ಪ್ರಶ್ನೆಪತ್ರಿಕೆಯ ದೋಷ. ಪುಸ್ತಕದ ತಲೆಗೆ ಕಟ್ಟಬೇಡಿ.

ಪ್ಲಾಕ್ ಎಣಿಸುವವಳು

ಸೀಮೆಸುಣ್ಣ ಸರ್ ಹೇಳಿದ ಪರೀಕ್ಷೆ ಒಳ್ಳೆಯದು, ಆದರೆ ಅದು ಮೊದಲರ್ಧ. ಆ ಪ್ರಶ್ನೆಯನ್ನು ಸರಿಯಾಗಿ ವಿವರಿಸಿದ ಪುಸ್ತಕವೂ ಮರುಪುಟದಲ್ಲೇ ಅದನ್ನು ಕೆಡಿಸಬಲ್ಲದು. ಎಚ್‌ಐವಿಯ ಜೀನೋಮ್ ಕೂಡ ಧನ ಎಳೆಯ ಆರ್‌ಎನ್‌ಎಯೇ. ಪೋಲಿಯೊದ ತರ್ಕವನ್ನು ಹಾಗೇ ಎಳೆದರೆ ಅದೂ ನೇರ ರೈಬೋಸೋಮ್‌ಗೆ ಹೋಗಬೇಕು. ಹೋಗುವುದಿಲ್ಲ, ಮೊದಲು ಡಿಎನ್‌ಎ ಆಗುತ್ತದೆ, ಅದಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನು ಕಣದಲ್ಲೇ ತಂದಿರುತ್ತದೆ. ‘ಹಾಗಾದರೆ ನಿಮ್ಮ ನಿಯಮ ತಪ್ಪಲ್ಲವೇ’ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಒಳ್ಳೆಯ ಪುಸ್ತಕ ಅವನು ಕೇಳುವ ಮೊದಲೇ ಆ ಜಾಗದಲ್ಲಿ ನಿಂತು ಮಾತಾಡಿರುತ್ತದೆ.

ಪಾಕ್ಸ್ ವೈರಸ್‌ಗಳದ್ದೂ ಅದೇ ಕಥೆ. ಡಿಎನ್‌ಎ ವೈರಸ್ ಎಂದಮೇಲೆ ಕೋಶಕೇಂದ್ರಕ್ಕೆ ಹೋಗಿ ಕೋಶದ ಕಿಣ್ವಗಳನ್ನೇ ಬಳಸಿಕೊಳ್ಳುತ್ತದೆ ಎಂದು ಓದುಗರು ಅಂದುಕೊಳ್ಳುತ್ತಾರೆ. ಹರ್ಪಿಸ್ ಹಾಗೆ ಮಾಡುತ್ತದೆ, ಅದರ ಬರಿಯ ಡಿಎನ್‌ಎ ಕೋಶಕ್ಕೆ ಹೋದರೂ ಸೋಂಕು ಹುಟ್ಟುತ್ತದೆ. ಪಾಕ್ಸ್ ವೈರಸ್ ಕೋಶದ್ರವದಲ್ಲೇ ಉಳಿದು ಕೆಲಸ ನಡೆಸುತ್ತದೆ. ಬೇಕಾದ ಆರ್‌ಎನ್‌ಎ ಪಾಲಿಮರೇಸನ್ನು ತಾನೇ ಹೊತ್ತು ತಂದಿರುತ್ತದೆ. ಅದರ ಡಿಎನ್‌ಎ ಒಂದನ್ನೇ ಒಳಗೆ ಹಾಕಿದರೆ ಅದು ಸುಮ್ಮನೆ ಬಿದ್ದಿರುತ್ತದೆ.

ಇನ್ನು ಚಿತ್ರಗಳ ವಿಷಯ. ‘ಚಿತ್ರಗಳು ಚೆನ್ನಾಗಿವೆ’ ಎಂಬ ಮಾತು ಕೇಳಿದರೆ ನನಗೆ ಅನುಮಾನ ಬರುತ್ತದೆ. ಇನ್‌ಫ್ಲುಯೆಂಜಾದ ಜೀವನಚಕ್ರದ ಚಿತ್ರ ತೆಗೆಯಿರಿ. ಅಡಿಬರಹವನ್ನು ಕೈಯಿಂದ ಮುಚ್ಚಿ. ಒಂದೊಂದು ಬಾಣದ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಈ ಕೆಲಸ ಯಾವ ಕಿಣ್ವದ್ದು, ಆ ಕಿಣ್ವ ಯಾರದ್ದು, ಕೋಶದ ಯಾವ ಭಾಗದಲ್ಲಿ ನಡೆಯುತ್ತಿದೆ? ಇನ್‌ಫ್ಲುಯೆಂಜಾ ಎ ವೈರಸ್‌ನ 8 ಆರ್‌ಎನ್‌ಎ ತುಂಡುಗಳು ಕೋಶಕೇಂದ್ರದೊಳಗೆ ಹೋಗಲೇಬೇಕು. ಏಕೆಂದರೆ ಕೋಶದ ಎಂಆರ್‌ಎನ್‌ಎಗಳ ತುದಿಯ ಟೋಪಿಯನ್ನು ಕತ್ತರಿಸಿ ತನ್ನದಕ್ಕೆ ತೊಡಿಸಿಕೊಳ್ಳುವ ಕಳ್ಳತನ ಅಲ್ಲೇ ನಡೆಯಬೇಕು. ಆರ್‌ಎನ್‌ಎ ವೈರಸ್ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಕೋಶದ್ರವದಲ್ಲೇ ಬರೆದು ಮುಗಿಸಿದ ಚಿತ್ರಗಳನ್ನು ಕಂಡಿದ್ದೇನೆ. ಹೊಳೆಯುವ ಬಣ್ಣ, ದುಂಡಗಿನ ನೆರಳು, ತಪ್ಪು ಜಾಗ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಗೆ ಅಳತೆಗೆರೆ ಇದೆಯೇ ಎಂಬುದನ್ನೂ ನೋಡಿ. ಅದಿಲ್ಲದಿದ್ದರೆ ಸುಮಾರು 30 ನ್ಯಾನೊಮೀಟರ್‌ನ ಪೋಲಿಯೊವೂ 300 ನ್ಯಾನೊಮೀಟರ್ ಉದ್ದದ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್‌ ಕಡ್ಡಿಯೂ ಪುಟದಲ್ಲಿ ಒಂದೇ ಗಾತ್ರ. ಬಣ್ಣವಂತೂ ಆಮೇಲೆ ಬಳಿದದ್ದು. ಅದನ್ನು ಹೇಳದ ಪುಸ್ತಕ ಓದಿದವರು ಕೊರೊನಾ ವೈರಸ್ ನಿಜಕ್ಕೂ ಕೆಂಪಗಿದೆ ಎಂದೇ ನಂಬಿಕೊಂಡಿರುತ್ತಾರೆ.

ಕರಡು ತಿದ್ದುವವನು

ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ನಾನು ಕೊನೆಯಿಂದ ಶುರುಮಾಡುತ್ತೇನೆ: ಪದಸೂಚಿ.

ಈ ವಿಷಯದಲ್ಲಿ ‘ಸುಪ್ತ’ ಎಂಬ ಮಾತು ಬೇರೆ ಬೇರೆ ಅರ್ಥದಲ್ಲಿ ಬರುತ್ತದೆ. ಹರ್ಪಿಸ್ ವೈರಸ್ ನರಕೋಶದಲ್ಲಿ ವರ್ಷಗಟ್ಟಲೆ ಅಡಗಿರುವುದು ಸುಪ್ತ ಸೋಂಕು. ಬೆಳವಣಿಗೆಯ ರೇಖೆಯಲ್ಲಿ, ಸೋಂಕು ತಗುಲಿದ ಗಳಿಗೆಯಿಂದ ಹೊಸ ವೈರಸ್‌ಗಳು ಕೋಶದ ಹೊರಗೆ ಕಾಣಿಸುವವರೆಗಿನ ಸಮಯಕ್ಕೂ ಸುಪ್ತ ಅವಧಿ ಎನ್ನುತ್ತಾರೆ. ಅದರೊಳಗೇ ಇನ್ನೊಂದು ಚಿಕ್ಕ ಅವಧಿ ಇದೆ: ಕೋಶವನ್ನು ಒಡೆದು ನೋಡಿದರೂ ಸೋಂಕು ತಗುಲಿಸಬಲ್ಲ ಒಂದು ಕಣವೂ ಸಿಗದ ‘ಗ್ರಹಣ’ ಕಾಲ. ರೋಗಿಗೆ ಸೋಂಕು ತಗುಲಿ ಲಕ್ಷಣ ಕಾಣಿಸುವವರೆಗಿನ ದಿನಗಳ ಲೆಕ್ಕ ಇವೆಲ್ಲಕ್ಕಿಂತ ಬೇರೆ. ಪದಸೂಚಿಯಲ್ಲಿ ಇವು ಬೇರೆ ಬೇರೆ ಸಾಲುಗಳಾಗಿದ್ದರೆ ಬರೆದವರ ತಲೆಯಲ್ಲೂ ಬೇರೆ ಬೇರೆಯಾಗಿವೆ ಎಂದರ್ಥ. ಒಂದೇ ಸಾಲಿನಲ್ಲಿ ಏಳು ಪುಟಸಂಖ್ಯೆ ತುಂಬಿದ್ದರೆ ಆ ಏಳೂ ಪುಟ ತೆರೆದು ನೋಡಿ, ಗೊಂದಲ ಕೈಗೇ ಸಿಗುತ್ತದೆ.

ಆಮೇಲೆ ಆವೃತ್ತಿಯ ಪ್ರಾಮಾಣಿಕತೆ. ‘ಪರಿಷ್ಕೃತ’ ಎಂದು ಮುಖಪುಟದಲ್ಲಿದ್ದರೆ ನಂಬಬೇಡಿ. ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ಎಂಬ ವೈರಸ್ ಯಾವ ಕುಟುಂಬದಲ್ಲಿದೆ ನೋಡಿ. 2016ರಲ್ಲಿ ಅದನ್ನು ಪ್ಯಾರಾಮಿಕ್ಸೊವಿರಿಡೆಯಿಂದ ಹೊರತೆಗೆದು ನ್ಯುಮೊವಿರಿಡೆ ಎಂಬ ಬೇರೆ ಕುಟುಂಬ ಮಾಡಿದರು. ಬಾಲವಿರುವ ಫೇಜ್‌ಗಳನ್ನು (ಬ್ಯಾಕ್ಟೀರಿಯಾಗಳಿಗೆ ತಗುಲುವ ವೈರಸ್‌ಗಳನ್ನು) ಬಾಲದ ಆಕಾರ ನೋಡಿ ಮೂರು ಕುಟುಂಬ ಮಾಡಿದ್ದ ಪದ್ಧತಿಯನ್ನೂ ಅಂತರರಾಷ್ಟ್ರೀಯ ವರ್ಗೀಕರಣ ಸಮಿತಿ ಕೈಬಿಟ್ಟಿದೆ. ಈ ಎರಡೂ ಹಳೆಯ ರೂಪದಲ್ಲೇ ಇದ್ದರೆ ಹೊಸ ಆವೃತ್ತಿಯಲ್ಲಿ ಹೊಸದು ಮುಖಪುಟ ಮಾತ್ರ.

ಹಳೆಯ ಸೀಮೆಸುಣ್ಣ

ಹೆಸರುಗಳ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕುಟುಂಬದ ಹೆಸರು ಸಮಿತಿಯ ಸಭೆಯಲ್ಲಿ ಬದಲಾಗುತ್ತದೆ. ತಿದ್ದಲು ತರಗತಿಯಲ್ಲಿ ಒಂದು ನಿಮಿಷ ಸಾಕು. ತರ್ಕ ತಪ್ಪಿದ್ದರೆ ಅವಧಿಯಿಡೀ ತಿದ್ದುತ್ತಲೇ ಇರಬೇಕು. ಹಳೆಯ ಹೆಸರು, ಸರಿಯಾದ ವಿವರಣೆ ಇರುವ ಪುಸ್ತಕವನ್ನು ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಕರಡು ತಿದ್ದುವವನು

ಸರ್, ಹೆಸರು ತಪ್ಪು ಎಂಬುದು ನನ್ನ ದೂರಲ್ಲ. ಅದು ಹೊಗೆ, ಬೆಂಕಿ ಬೇರೆ ಕಡೆ ಇರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. 2020ರ ನಂತರ ಬಹಳ ಪುಸ್ತಕಗಳು ಕೊರೊನಾ ವೈರಸ್‌ಗೆಂದು ಒಂದು ಅಧ್ಯಾಯವನ್ನು ಹೊಲಿದು ಸೇರಿಸಿದವು. ಆ ಅಧ್ಯಾಯದಲ್ಲಿ ಸರಿಯಾಗಿಯೇ ಬರೆದಿರುತ್ತಾರೆ: ಜೀನೋಮ್ ಸುಮಾರು 30,000 ಅಕ್ಷರಗಳಷ್ಟು ಉದ್ದ, ಪ್ರತಿ ಮಾಡುವಾಗ ಆದ ತಪ್ಪನ್ನು ಕತ್ತರಿಸಿ ತೆಗೆಯುವ ಕಿಣ್ವ ಇದಕ್ಕಿದೆ, ಅದಿಲ್ಲದೆ ಇಷ್ಟು ದೊಡ್ಡ ಆರ್‌ಎನ್‌ಎ ಜೀನೋಮನ್ನು ಉಳಿಸಿಕೊಳ್ಳುವುದು ಕಷ್ಟ. ಈಗ ಮೂರನೇ ಅಧ್ಯಾಯಕ್ಕೆ ಹಿಂತಿರುಗಿ. ‘ಆರ್‌ಎನ್‌ಎ ವೈರಸ್‌ಗಳಿಗೆ ತಪ್ಪು ತಿದ್ದುವ ಸಾಮರ್ಥ್ಯವಿಲ್ಲ’ ಎಂಬ ಹಳೆಯ ವಾಕ್ಯ ಅಲ್ಲೇ ಕುಳಿತಿರುತ್ತದೆ. ಒಂದೇ ಪುಸ್ತಕ, ಎರಡು ಸತ್ಯ. ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಹಳೆಯ ಸೀಮೆಸುಣ್ಣ

ಅದನ್ನು ಒಪ್ಪಿದೆ.

ದನದ ಡಾಕ್ಟರು

ಇಲ್ಲಿಯವರೆಗಿನ ಮಾತೆಲ್ಲ ಮನುಷ್ಯನ ವೈರಸ್‌ಗಳ ಸುತ್ತಲೇ ಸುತ್ತಿದೆ. ಪರಿಚಯ ಪುಸ್ತಕಗಳ ದೊಡ್ಡ ರೋಗವೂ ಅದೇ. ಪ್ರಾಣಿಗಳಲ್ಲಿ ಮೊದಲು ಪತ್ತೆಯಾದ ವೈರಸ್ ಕಾಲುಬಾಯಿ ರೋಗದ್ದು, 1898ರಲ್ಲಿ ಲೋಫ್ಲರ್ ಮತ್ತು ಫ್ರಾಶ್ ತೋರಿಸಿದ್ದು. ಮನುಷ್ಯನದ್ದು, ಅಂದರೆ ಹಳದಿ ಜ್ವರದ್ದು, ಅದಾದ ಮೇಲೆ. ಸಿಡುಬು ನಿರ್ಮೂಲವಾಯಿತು ಎಂದು 1980ರಲ್ಲಿ ಸಾರಿದ್ದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. 2011ರಲ್ಲಿ ದನಗಳ ರಿಂಡರ್‌ಪೆಸ್ಟ್ ನಿರ್ಮೂಲವಾದದ್ದನ್ನು ಹೇಳುವ ಪುಸ್ತಕ ಹುಡುಕಬೇಕು. ಮಾನವಕುಲ ಇದುವರೆಗೆ ಪೂರ್ತಿ ಅಳಿಸಿಹಾಕಿದ ವೈರಸ್ ರೋಗಗಳು ಈ ಎರಡೇ. ಅದರಲ್ಲಿ ಅರ್ಧವನ್ನು ಬಿಟ್ಟುಬಿಟ್ಟರೆ ಹೇಗೆ?

ಇದು ಬರಿಯ ಅಭಿಮಾನದ ಮಾತಲ್ಲ. ಮನುಷ್ಯನನ್ನೇ ನೋಡುತ್ತ ಬರೆದವರು ‘ಪ್ರತಿಯೊಂದು ವೈರಸ್ಸೂ ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿ ಒಳಹೋಗುತ್ತದೆ’ ಎಂದು ಬರೆದುಬಿಡುತ್ತಾರೆ. ಗಿಡದ ಕೋಶಕ್ಕೆ ದಪ್ಪ ಗೋಡೆಯಿದೆ. ಸಸ್ಯ ವೈರಸ್‌ಗಳು ಗಾಯದ ಮೂಲಕವೋ ಹೀರುವ ಕೀಟದ ಮುಳ್ಳುಬಾಯಿಯ ಮೂಲಕವೋ ಒಳಹೊಕ್ಕು, ಕೋಶದಿಂದ ಕೋಶಕ್ಕಿರುವ ಸಣ್ಣ ಕಾಲುವೆಗಳನ್ನು ತಮ್ಮದೇ ಪ್ರೋಟೀನ್‌ನಿಂದ ಅಗಲಿಸಿಕೊಂಡು ಮುಂದೆ ಸಾಗುತ್ತವೆ. ‘ಪ್ರತಿಯೊಂದು’, ‘ಎಲ್ಲ’, ‘ಯಾವಾಗಲೂ’ ಎಂಬ ಪದಗಳು ಎಲ್ಲೆಲ್ಲಿ ಬಂದಿವೆ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸುಳ್ಳು.

ಮೂರನೇ ಬೆಂಚು

ಹಾಗಾದರೆ ‘ಹೊದಿಕೆಯ ವೈರಸ್‌ಗಳು ಕೋಶದ ಹೊರಪೊರೆಯಿಂದಲೇ ಹೊದಿಕೆ ಪಡೆಯುತ್ತವೆ’ ಎಂಬುದೂ ಆ ಪಟ್ಟಿಗೆ ಸೇರುತ್ತದೆಯೇ? ನಮ್ಮ ಪುಸ್ತಕದಲ್ಲಿ ಹಾಗೇ ಇದೆ.

ಪ್ಲಾಕ್ ಎಣಿಸುವವಳು

ಸೇರುತ್ತದೆ. ಇನ್‌ಫ್ಲುಯೆಂಜಾಕ್ಕೆ ಸರಿ. ಕೊರೊನಾ ವೈರಸ್ ಕೋಶದೊಳಗಿನ ಪೊರೆಗಳಲ್ಲೇ ಮೊಳೆತು, ಆಮೇಲೆ ಪೊಟ್ಟಣದಲ್ಲಿ ಕುಳಿತು ಹೊರಬರುತ್ತದೆ. ಆ ವಾಕ್ಯದ ಪಕ್ಕ ಈಗಲೇ ಬರೆದಿಟ್ಟುಕೊಳ್ಳಿ.

ಮೇಜಿನವರೇ, ಇನ್ನೊಂದು ಕೆಲಸ ಮಾಡಿ. ಅಧ್ಯಾಯಗಳ ಕೊನೆಯ ಲೆಕ್ಕಗಳಲ್ಲಿ ಎರಡನ್ನು ನೀವೇ ಬಿಡಿಸಿ. ಪ್ಲಾಕ್ (ಕೋಶಗಳ ಹಾಸಿನಲ್ಲಿ ವೈರಸ್ ಕೋಶಗಳನ್ನು ಕೊಂದು ಮಾಡಿದ ಬರಿದು ಚುಕ್ಕೆ) ಎಣಿಕೆಯ ಲೆಕ್ಕ ಎಲ್ಲರಲ್ಲೂ ಇರುತ್ತದೆ: ಮಾದರಿಯನ್ನು ಹತ್ತು ಲಕ್ಷ ಪಟ್ಟು ತೆಳುಗೊಳಿಸಿ, ಅದರಲ್ಲಿ 0.1 ಮಿಲಿಲೀಟರನ್ನು ಕೋಶಗಳ ಹಾಸಿನ ಮೇಲೆ ಹಾಕಿ, 42 ಪ್ಲಾಕ್ ಎಣಿಸಿದರೆ ಮೂಲ ಮಾದರಿಯ ಒಂದು ಮಿಲಿಲೀಟರಿನಲ್ಲಿ ಎಷ್ಟು? 42 ಕೋಟಿ. ಇಲ್ಲಿ ಪುಸ್ತಕಗಳು ಎಡವುವುದು ಕಡಿಮೆ. ಎಡವುವುದು ಅದರ ಮುಂದಿನ ವಾಕ್ಯದಲ್ಲಿ. ‘ಅಂದರೆ 42 ಕೋಟಿ ವೈರಸ್ ಕಣಗಳಿವೆ’ ಎಂದಿದ್ದರೆ ತಪ್ಪು. ಪ್ಲಾಕ್ ಎಣಿಸುವುದು ಸೋಂಕು ತಗುಲಿಸಿದ ಕಣಗಳನ್ನು ಮಾತ್ರ. ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಕಣಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು. ಪ್ರಾಣಿಗಳ ವೈರಸ್‌ಗಳಲ್ಲಂತೂ ಹಾಗೆ ಇರುವುದೇ ಹೆಚ್ಚು.

ಎರಡನೆಯದು, ಕೋಶಗಳಷ್ಟೇ ಸಂಖ್ಯೆಯ ಸೋಂಕುಕಾರಕ ಕಣಗಳನ್ನು ಹಾಕಿದರೆ ಎಷ್ಟು ಕೋಶಗಳಿಗೆ ಸೋಂಕು ತಗುಲುತ್ತದೆ ಎಂಬ ಲೆಕ್ಕ. ಉತ್ತರ ಏನು ಕೊಟ್ಟಿದ್ದಾರೆ ಎಂದು ನೋಡಿ ಬಂದು ಹೇಳಿ. ಈಗಲೇ ನಾನು ಹೇಳುವುದಿಲ್ಲ.

ಪಾಠದ ಮೇಜು

ಮೂರು ದಿನ ಈ ಕಡೆ ಬರಲಾಗಲಿಲ್ಲ, ಕ್ಷಮಿಸಿ. ಆದರೆ ಸುಮ್ಮನೆ ಕೂತಿರಲಿಲ್ಲ.

ತೆಳ್ಳಗಿನ ಪುಸ್ತಕ ಪೋಲಿಯೊ ಮತ್ತು ಇನ್‌ಫ್ಲುಯೆಂಜಾದ ಪ್ರಶ್ನೆಯಲ್ಲಿ ಗೆದ್ದಿತು. ಹೆಚ್ಚುಕಡಿಮೆ ಸೀಮೆಸುಣ್ಣ ಸರ್ ಬರೆದಂತೆಯೇ ವಿವರಿಸಿದೆ, ಎಚ್‌ಐವಿಯ ತೊಡಕನ್ನೂ ಅಲ್ಲೇ ಬಿಡಿಸಿದೆ. ದಪ್ಪ ಪುಸ್ತಕದಲ್ಲಿ ಕೋಷ್ಟಕ ಮಾತ್ರ. ‘ಋಣ ಎಳೆಯ ವೈರಸ್‌ಗಳು ಪಾಲಿಮರೇಸನ್ನು ಹೊಂದಿರುತ್ತವೆ’ ಎಂಬ ಸಾಲು ಆರು ಕುಟುಂಬಗಳ ಅಧ್ಯಾಯಗಳಲ್ಲಿ ಆರು ಸಲ ಬಂದಿದೆ, ಏಕೆ ಎಂಬುದು ಒಂದು ಸಲವೂ ಇಲ್ಲ.

ಖುಷಿಯಿಂದ ಲೆಕ್ಕಕ್ಕೆ ಹೋದೆ. ತೆಳ್ಳಗಿನ ಪುಸ್ತಕದ ಐದನೇ ಅಧ್ಯಾಯದ ಲೆಕ್ಕ: 10 ಲಕ್ಷ ಕೋಶಗಳಿಗೆ 10 ಲಕ್ಷ ಸೋಂಕುಕಾರಕ ಕಣಗಳನ್ನು ಹಾಕಿದರೆ ಎಷ್ಟು ಕೋಶಗಳಿಗೆ ಸೋಂಕು? ಹಿಂದಿನ ಪುಟದಲ್ಲಿ ಕೊಟ್ಟ ಉತ್ತರ: 10 ಲಕ್ಷ. ನನಗೂ ಸರಿಯೆಂದೇ ಕಂಡಿತು. ನೀವು ಗುಟ್ಟು ಬಿಟ್ಟುಕೊಡದೆ ಹೋದದ್ದರಿಂದ ಮತ್ತೊಮ್ಮೆ ಯೋಚಿಸಿದೆ. ಕಣಗಳು ಸಾಲಾಗಿ ನಿಂತು ಕೋಶಕ್ಕೊಂದರಂತೆ ಹೋಗುವುದಿಲ್ಲವಲ್ಲ!

ಪ್ಲಾಕ್ ಎಣಿಸುವವಳು

ಅಷ್ಟೇ. ಮಳೆಹನಿ ಬೀಳುವಂತೆ ಬೀಳುತ್ತವೆ. ನೂರು ಚೌಕಗಳ ಮೇಲೆ ನೂರು ಹನಿ ಬಿದ್ದರೆ ಕೆಲವು ಚೌಕಕ್ಕೆ ಮೂರು ಬೀಳುತ್ತವೆ, ಕೆಲವು ಒಣಗಿಯೇ ಉಳಿಯುತ್ತವೆ. ಪಾಯ್ಸಾನ್ ಸೂತ್ರದಿಂದ ಲೆಕ್ಕಹಾಕಿದರೆ ಶೇಕಡ 37 ಕೋಶಗಳಿಗೆ ಏನೂ ತಗುಲುವುದಿಲ್ಲ, ಶೇಕಡ 37ಕ್ಕೆ ಒಂದು ಕಣ, ಉಳಿದ ಶೇಕಡ 26ಕ್ಕೆ ಎರಡು ಅಥವಾ ಹೆಚ್ಚು. ಸೋಂಕು ತಗುಲುವುದು ಸುಮಾರು 6.3 ಲಕ್ಷ ಕೋಶಗಳಿಗೆ. ಬಹುತೇಕ ಎಲ್ಲ ಕೋಶಗಳಿಗೂ ಒಮ್ಮೆಲೇ ತಗುಲಬೇಕಾದರೆ ಕೋಶಕ್ಕೆ ಐದರಂತೆ ಹಾಕಬೇಕು. ಆಗಲೂ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ ಪಾಲು ತಪ್ಪಿಸಿಕೊಳ್ಳುತ್ತದೆ.

ಇದನ್ನು ಸಣ್ಣ ತಪ್ಪು ಎನ್ನಬೇಡಿ. 1939ರಲ್ಲಿ ಎಲಿಸ್ ಮತ್ತು ಡೆಲ್‌ಬ್ರುಕ್ ಫೇಜ್‌ಗಳಲ್ಲಿ ಮಾಡಿ ತೋರಿಸಿದ ಒಂದೇ ಹಂತದ ಬೆಳವಣಿಗೆಯ ಪ್ರಯೋಗವನ್ನು ಪ್ರಾಣಿಕೋಶಗಳಲ್ಲಿ ಮಾಡುವಾಗ ಎಲ್ಲ ಕೋಶಗಳಿಗೂ ಒಟ್ಟಿಗೇ ಸೋಂಕು ತಗುಲಿಸಬೇಕು. ‘ಒಂದಕ್ಕೊಂದು ಸಾಕು’ ಎಂದು ಕಲಿತ ಹುಡುಗ ಪ್ರಯೋಗಾಲಯಕ್ಕೆ ಬಂದು ಹಾಗೇ ಮಾಡುತ್ತಾನೆ. ಮೂರನೇ ಒಂದು ಪಾಲು ಕೋಶಗಳಿಗೆ ಸೋಂಕು ತಗುಲುವುದು ಎರಡನೇ ಸುತ್ತಿನಲ್ಲಿ, ರೇಖೆ ಎರಡು ಮೆಟ್ಟಿಲಾಗುತ್ತದೆ, ಅವನು ವೈರಸ್‌ನಲ್ಲಿ ಹೊಸತೇನೋ ಕಂಡೆ ಎಂದು ಕುಣಿಯುತ್ತಾನೆ. ಹಾಗೆ ಒಂದು ವಾರ ಕಳೆದವಳು ನಾನೇ. ನನಗೆ ಅದನ್ನು ಕಲಿಸಿದ್ದೂ ಒಂದು ಪುಸ್ತಕವೇ.

ದನದ ಡಾಕ್ಟರು

ಅಂದಮೇಲೆ ತೆಳ್ಳಗಿನದೂ ಹೋಯಿತು. ದಪ್ಪ ಪುಸ್ತಕದಲ್ಲಿ ಈ ಲೆಕ್ಕ ಹೇಗಿದೆ?

ಪಾಠದ ಮೇಜು

ಲೆಕ್ಕವೇ ಇಲ್ಲ! ಅಧ್ಯಾಯದ ಕೊನೆಯಲ್ಲಿ ‘ಟಿಪ್ಪಣಿ ಬರೆಯಿರಿ’ ಮಾತ್ರ. ತಪ್ಪು ಮಾಡದಿರುವುದಕ್ಕೆ ಅದೂ ಒಂದು ದಾರಿ.

ಹಳೆಯ ಸೀಮೆಸುಣ್ಣ

ಇತಿಹಾಸದ ಅಧ್ಯಾಯ ಹೇಗಿದೆ? ಅದನ್ನು ಯಾರೂ ಕೇಳಲಿಲ್ಲ. ಬಹುಪಾಲು ಜನ ಅದನ್ನು ಓದದೆ ಪುಟ ಮಗುಚುತ್ತಾರೆ, ಏಕೆಂದರೆ ಅಲ್ಲಿ ಇಸವಿಗಳ ಮೆರವಣಿಗೆ ಇರುತ್ತದೆ. 1892 ಇವಾನೋವ್‌ಸ್ಕಿ, 1898 ಬೈಯರಿಂಕ್, 1935 ಸ್ಟಾನ್ಲಿ. ನನಗೆ ಬೇಕಾದದ್ದು ಅವರ ಗೊಂದಲ. ರೋಗದ ಹೊಗೆಸೊಪ್ಪಿನ ರಸ ಬ್ಯಾಕ್ಟೀರಿಯಾ ತಡೆಯುವ ಪಿಂಗಾಣಿ ಸೋಸುಕದಿಂದ ಇಳಿದು ಬಂದಮೇಲೂ ರೋಗ ಹರಡುವುದನ್ನು ಇವಾನೋವ್‌ಸ್ಕಿ ಕಣ್ಣಾರೆ ಕಂಡರು. ಆದರೂ ಅದು ಬ್ಯಾಕ್ಟೀರಿಯಾದ ವಿಷವೋ ನುಸುಳಿಬಂದ ಬ್ಯಾಕ್ಟೀರಿಯಾವೋ ಇರಬೇಕು ಎಂಬ ಕಡೆಗೇ ವಾಲಿದರು. ಬೈಯರಿಂಕ್ ಅದು ಜೀವಂತ ಅಂಗಾಂಶದಲ್ಲಿ ಮಾತ್ರ ಹೆಚ್ಚುತ್ತದೆ ಎಂದು ಸರಿಯಾಗಿ ಹಿಡಿದರು, ಆದರೆ ಅದನ್ನು ದ್ರವ ಎಂದುಕೊಂಡರು. ಸ್ಟಾನ್ಲಿ ಅದನ್ನು ಹರಳಾಗಿಸಿ, ಇದು ಪ್ರೋಟೀನ್ ಎಂದು ಸಾರಿದರು. ಮರುವರ್ಷವೇ ಬಾಡೆನ್ ಮತ್ತು ಪಿರಿ ಅದರಲ್ಲಿ ಆರ್‌ಎನ್‌ಎ ಇರುವುದನ್ನು ತೋರಿಸಿದರು. ಇಡೀ ಕಣದ ತೂಕದಲ್ಲಿ ಅದು ಶೇಕಡ 5ರಷ್ಟು. ಸೋಂಕು ಇರುವುದು ಆ ಚಿಟಿಕೆಯಷ್ಟರಲ್ಲೇ ಎಂದು ಖಚಿತವಾಗಿ ತಿಳಿಯಲು 1956 ಬರಬೇಕಾಯಿತು. ಅಷ್ಟರಲ್ಲಿ ಸ್ಟಾನ್ಲಿಗೆ ನೊಬೆಲ್ ಬಂದು ಹತ್ತು ವರ್ಷವಾಗಿತ್ತು.

ಒಬ್ಬೊಬ್ಬರೂ ಒಂದೊಂದನ್ನು ಸರಿಯಾಗಿ ಕಂಡರು, ಒಂದೊಂದರಲ್ಲಿ ತಪ್ಪಿದರು. ಇದನ್ನು ಹೀಗೆ ಹೇಳಿದರೆ ಒಂದು ಪ್ರಯೋಗ ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದು ಹುಡುಗರಿಗೆ ಮೊದಲ ವಾರದಲ್ಲೇ ತಿಳಿಯುತ್ತದೆ.

ಪಾಠದ ಮೇಜು

ದಪ್ಪ ಪುಸ್ತಕದಲ್ಲಿ ಮೆರವಣಿಗೆ. ತೆಳ್ಳಗಿನದರಲ್ಲಿ ಇತಿಹಾಸ ಒಂದೂವರೆ ಪುಟ, ಆದರೆ ಸ್ಟಾನ್ಲಿಯ ತಪ್ಪನ್ನು ಹೇಳಿದ್ದಾರೆ.

ಇನ್ನೊಂದು ಪ್ರಯೋಗ ಮಾಡಿದೆ. ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ಪುಸ್ತಕದ ಜೀನೋಮ್ ಅಧ್ಯಾಯ ಕೊಟ್ಟು ನಲವತ್ತು ನಿಮಿಷ ಓದಿಸಿದೆ. ಆಮೇಲೆ ಪುಸ್ತಕ ಕಸಿದುಕೊಂಡು ದಡಾರದ ಬರಿಯ ಆರ್‌ಎನ್‌ಎ ಕೋಶಕ್ಕೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. ದಪ್ಪ ಪುಸ್ತಕ ಓದಿದವರಲ್ಲಿ ಒಬ್ಬಳು ‘ದಡಾರ ನಾವು ಓದಿದ ಪುಟದಲ್ಲಿ ಇರಲಿಲ್ಲ’ ಎಂದಳು. ಆಕೆಯ ತಪ್ಪೇನೂ ಇಲ್ಲ, ನಿಜವಾಗಿಯೂ ಇರಲಿಲ್ಲ. ತೆಳ್ಳಗಿನ ಪುಸ್ತಕದಲ್ಲೂ ದಡಾರ ಇರಲಿಲ್ಲ, ಆದರೆ ಅದನ್ನು ಓದಿದ ಹುಡುಗ ನನ್ನನ್ನೇ ತಿರುಗಿ ಕೇಳಿದ: ‘ಅದು ಧನವೋ ಋಣವೋ ಅಷ್ಟು ಹೇಳಿ.’ ಹೇಳಿದೆ. ಉತ್ತರ ಕೊಟ್ಟ.

ಕರಡು ತಿದ್ದುವವನು

ನಾಲ್ವರ ಮೇಲಿನ ಪ್ರಯೋಗದಿಂದ ಏನೂ ಸಾಬೀತಾಗದು ಎಂದು ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜಾಣ ಹುಡುಗನ ಕೈಗೆ ತೆಳ್ಳಗಿನದು ಸಿಕ್ಕಿರಬಹುದು. ಆದರೂ ‘ಧನವೋ ಋಣವೋ’ ಎಂಬ ಆ ಪ್ರಶ್ನೆ ಪುಸ್ತಕದಿಂದಲೇ ಬಂದದ್ದು.

ಮೂರನೇ ಬೆಂಚು

ತಪ್ಪು ಲೆಕ್ಕ ಇರುವ ಪುಸ್ತಕವನ್ನೇ ಆರಿಸುತ್ತೀರಾ ಹಾಗಾದರೆ?

ಪಾಠದ ಮೇಜು

ಆರಿಸುತ್ತೇನೆ. ಒಂದು ಪುಟದ ತಿದ್ದೋಲೆ ತಯಾರಿಸಿದ್ದೇನೆ: ಐದನೇ ಅಧ್ಯಾಯದ ಲೆಕ್ಕ, ‘ಪ್ರತಿಯೊಂದು ವೈರಸ್ಸೂ ಗ್ರಾಹಕಕ್ಕೆ’ ಎಂಬ ವಾಕ್ಯ, ಆರ್‌ಎಸ್‌ವಿಯ ಕುಟುಂಬ. ಹೌದು, ಅದೂ ಹಳೆಯದೇ ಇತ್ತು. ಸಸ್ಯ ವೈರಸ್‌ಗಳಿಗೆ ಪುಸ್ತಕದಲ್ಲಿ ಇರುವುದು ಎರಡು ಪ್ಯಾರಾ, ಅದಕ್ಕೆ ಬೇರೆ ಟಿಪ್ಪಣಿ ಬರೆಯಬೇಕು. ದಪ್ಪ ಪುಸ್ತಕ ಗ್ರಂಥಾಲಯದಲ್ಲಿರುತ್ತದೆ. ಯಾವುದಾದರೂ ಒಂದು ಕುಟುಂಬದ ವಿವರ ಬೇಕಾದಾಗ ಅದರಷ್ಟು ಉಪಯುಕ್ತ ಬೇರೊಂದಿಲ್ಲ. ಮೂರನೇ ಬೆಂಚಿನವರೇ, ನಿಮ್ಮ ಬಹುಆಯ್ಕೆ ಪ್ರಶ್ನೆಗಳಿಗೂ ಅದೇ ಆಸರೆ.

ಲೆಕ್ಕದ ತಪ್ಪನ್ನು ಮೊದಲೇ ತಿದ್ದಿ ಕೊಡಬೇಕೋ, ಅವರೇ ಹಿಡಿಯಲಿ ಎಂದು ಬಿಡಬೇಕೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಪ್ಲಾಕ್ ಎಣಿಸುವವಳು

ಬಿಡಿ. ನೂರು ಚೌಕ ಬರೆದ ಹಾಳೆ, ಒಂದು ಹಿಡಿ ಸಾಸಿವೆ ಕೊಡಿ. ನೂರು ಕಾಳು ಎಣಿಸಿ, ಕಣ್ಣುಮುಚ್ಚಿ ಹರಡಲಿ, ಖಾಲಿ ಚೌಕಗಳನ್ನು ಎಣಿಸಲಿ. ಉರುಳದಂತೆ ಹಾಳೆಯ ಕೆಳಗೆ ಬಟ್ಟೆ ಹಾಸಿ.

ಮೂರನೇ ಬೆಂಚು

ನನಗೂ ಒಂದು ಪ್ರಯತ್ನ ಮಾಡಬೇಕೆನಿಸಿತು. ರೋಟಾ ವೈರಸ್‌ನದ್ದು ಜೋಡಿ ಎಳೆಯ ಆರ್‌ಎನ್‌ಎ. ಅದರಲ್ಲಿ ಒಂದು ಎಳೆ ಧನವೇ ಆದರೂ ಇನ್ನೊಂದಕ್ಕೆ ಹೆಣೆದುಕೊಂಡಿರುವುದರಿಂದ ರೈಬೋಸೋಮ್ ಓದಲಾರದು. ಕೋಶದ ಬಳಿ ಅದನ್ನು ಪ್ರತಿಮಾಡುವ ಕಿಣ್ವವಿಲ್ಲ. ಆದ್ದರಿಂದ ಕಣದೊಳಗೆ ಪಾಲಿಮರೇಸ್ ಇರಲೇಬೇಕು. ಸರಿಯೇ? ನಮ್ಮ ಪುಸ್ತಕದಲ್ಲಿ ಹುಡುಕಿದೆ, ‘ಭೇದಿ ಉಂಟುಮಾಡುತ್ತದೆ’ ಎಂದಷ್ಟೇ ಇದೆ.

ಪ್ಲಾಕ್ ಎಣಿಸುವವಳು

ಸರಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ಜೋಡಿ ಎಳೆ ಕೋಶದ್ರವಕ್ಕೆ ಬರುವುದೇ ಇಲ್ಲ. ಹೊರಪದರ ಕಳಚಿದ ಮೇಲೂ ಒಳಗಿನ ಕಣ ಇಡಿಯಾಗಿ ಉಳಿಯುತ್ತದೆ. ಪಾಲಿಮರೇಸ್ ಅದರೊಳಗೇ ಕುಳಿತು ಎಂಆರ್‌ಎನ್‌ಎ ನೂಲುತ್ತದೆ, ಆ ನೂಲು ಕಣದ ರಂಧ್ರಗಳಿಂದ ಹೊರಗೆ ಬರುತ್ತದೆ. ಜೋಡಿ ಎಳೆಯ ಆರ್‌ಎನ್‌ಎ ಹೊರಗೆ ಬಿದ್ದರೆ ಕೋಶ ಏನು ಮಾಡುತ್ತದೆ ಎಂದು ಯೋಚಿಸಿ ನಾಳೆ ಬರೆಯಿರಿ.

ಮೂರನೇ ಬೆಂಚು

ಅದು ಶತ್ರು ಬಂದ ಗುರುತು ಎಂದುಕೊಂಡು, ನೆರೆಯ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಹೊರಡಿಸುತ್ತದೆಯೇ? ನಾಳೆಯವರೆಗೆ ಕಾಯಲಾಗಲಿಲ್ಲ.